ಬಾರದ ಗಸಿಗೊಂದು ಸಮೀಕರಣ

ನಾನು ಈವರೆಗೆ ಬರೆದ ಅಯಾನಿಕ ಸಮೀಕರಣಗಳಲ್ಲಿ ಅತ್ಯಂತ ಸುಂದರವಾದದ್ದು ನಡೆಯದೇ ಹೋದ ಒಂದು ಕ್ರಿಯೆಯದು. ಅಕ್ಷರಗಳು ದುಂಡಗಿದ್ದವು. ಬಾಣ ಸ್ಕೇಲಿಟ್ಟು ಎಳೆದದ್ದು. ಪ್ಲಸ್ಸು ಮೈನಸ್ಸುಗಳು ಮದುವೆ ಗಂಡಿನ ಪೇಟದ ಗರಿಯ ಹಾಗೆ ಎಲ್ಲಿರಬೇಕೋ ಅಲ್ಲೇ ನಿಂತಿದ್ದವು. ಅದಕ್ಕೆ ಪೂರ್ತಿ ಮಾರ್ಕೂ ಬಂತು. ಬಾರದೇ ಇದ್ದದ್ದು ಟೆಸ್ಟ್ ಟ್ಯೂಬಿನೊಳಗೆ ಬರಬೇಕಾಗಿದ್ದ ಬಿಳಿ ಗಸಿ ಒಂದೇ. ಇಷ್ಟು ಹೇಳಿ ಪೆನ್ನು ಮುಚ್ಚಬಹುದಿತ್ತು. ಆದರೆ ನನ್ನನ್ನು ಬಲ್ಲವರಿಗೆ ಗೊತ್ತು, ಒಂದು ಸಾಲಿನಲ್ಲಿ ಮುಗಿಯುವ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿದ ಕೆಟ್ಟ ಹೆಸರು ನನಗಿಲ್ಲ.

ಅಯಾನಿಕ ಸಮೀಕರಣ ಎಂದರೇನೆಂದು ಗೊತ್ತಿಲ್ಲದವರು ಹೆದರಬೇಡಿ. ಗೊತ್ತಿರುವವರು ನಿಮಗಿಂತ ಹೆಚ್ಚು ಹೆದರಿಕೊಂಡಿರುತ್ತಾರೆ. ವಿಷಯ ಇಷ್ಟೇ. ಉಪ್ಪು ನೀರಿಗೆ ಬಿದ್ದ ಕೂಡಲೇ ಭಾಗವಾದ ಅಣ್ಣತಮ್ಮಂದಿರ ಹಾಗೆ ಎರಡಾಗುತ್ತದೆ. ಒಬ್ಬನ ತಲೆಯ ಮೇಲೆ ಪ್ಲಸ್ಸು, ಇನ್ನೊಬ್ಬನ ತಲೆಯ ಮೇಲೆ ಮೈನಸ್ಸು. ಈ ಹೋಳುಗಳೇ ಅಯಾನುಗಳು. ಎರಡು ಬೇರೆ ಬೇರೆ ಉಪ್ಪಿನ ನೀರನ್ನು ಒಂದೇ ಟ್ಯೂಬಿಗೆ ಸುರಿದರೆ ಒಳಗೆ ನಾಲ್ಕು ಥರದ ಅಯಾನುಗಳು ಓಡಾಡುತ್ತವೆ. ಅವುಗಳಲ್ಲಿ ಎರಡಕ್ಕೆ ಮನಸ್ಸು ಕೂಡಿದರೆ ಕೈಕೈ ಹಿಡಿದು ಗಟ್ಟಿಯಾಗಿ ತಳಕ್ಕಿಳಿಯುತ್ತವೆ. ಪುಸ್ತಕ ಅದನ್ನು ಪ್ರಕ್ಷೇಪ ಎನ್ನುತ್ತದೆ, ಲ್ಯಾಬಿನಲ್ಲಿ ಪಿಪಿಟಿ ಎನ್ನುತ್ತಾರೆ, ನಮ್ಮಜ್ಜಿಯಾದರೆ ಗಸಿ ಎನ್ನುತ್ತಾಳೆ. ನಾನು ಅಜ್ಜಿಯ ಕಡೆ. ಉಳಿದ ಎರಡು ಅಯಾನುಗಳು ಹೇಗಿದ್ದವೋ ಹಾಗೇ ಅಡ್ಡಾಡಿಕೊಂಡಿರುತ್ತವೆ. ಅವನ್ನು ಹೊಡೆದುಹಾಕಿ, ಕೂಡಿದ ಎರಡನ್ನು ಮಾತ್ರ ಬರೆಯಬೇಕು. ಮದುವೆಗೆ ನಾನೂರು ಜನ ಬಂದು ಉಂಡು ಹೋದರೂ ತಾಳಿ ಕಟ್ಟಿದವನು, ಕಟ್ಟಿಸಿಕೊಂಡವಳು ಇಬ್ಬರೇ ತಾನೆ? ಆ ಇಬ್ಬರ ಹೆಸರನ್ನಷ್ಟೇ ಬರೆದಿಟ್ಟುಕೊಳ್ಳುವ ವಿದ್ಯೆ ಇದು.

ಈ ವಿದ್ಯೆ ನನಗೆ ಒಲಿದದ್ದಕ್ಕೆ ಕಾರಣ ನನ್ನ ಇಂಗ್ಲಿಷು. ನಾನು ಗುಂಡ್ಲುಪೇಟೆ ಕಡೆಯ ಭೀಮನಬೀಡಿನವನು. ಹತ್ತನೆಯವರೆಗೆ ಆಮ್ಲಜನಕ, ಪ್ರತ್ಯಾಮ್ಲ ಎಂದು ಕನ್ನಡದಲ್ಲೇ ಉಸಿರಾಡಿಕೊಂಡು ಇದ್ದವನು. ಪಿಯುಸಿಗೆ ಚಾಮರಾಜನಗರದ ಒಂದು ಕಾಲೇಜು ಸೇರಿ, ಸೋದರತ್ತೆಯ ಮನೆಯಲ್ಲಿ ಗಂಟು ಇಳಿಸಿ, ಮೊದಲ ದಿನ ಕ್ಲಾಸಿನಲ್ಲಿ ಕೂತಾಗ ನನಗೆ ಅರ್ಥವಾದದ್ದು ಫ್ಯಾನು ತಿರುಗುವ ಸದ್ದು ಮಾತ್ರ. ಎರಡು ತಿಂಗಳು ಹೀಗೆ ಕಳೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಮೀಕರಣದಲ್ಲಿ ಇಂಗ್ಲಿಷೇ ಇಲ್ಲ. ಕರ್ತೃ ಕರ್ಮಗಳ ಕಾಟವಿಲ್ಲ. ಕ್ರಿಯಾಪದ ಇರಬೇಕಾದ ಕಡೆ ಒಂದು ಬಾಣ ಇದೆ. ಬರೆಯುತ್ತಾ ಹೋದರೆ ಯಾವ ಊರಿನವನು ಎಂದು ಯಾರಿಗೂ ತಿಳಿಯುವುದಿಲ್ಲ. ಅಂದಿನಿಂದ ನಾನು ಸಮೀಕರಣಗಳನ್ನು ಕುಡಿಯತೊಡಗಿದೆ. ಆರು ತಿಂಗಳಲ್ಲಿ ಇಡೀ ಬ್ಯಾಚಿನ ರೆಕಾರ್ಡ್ ಪುಸ್ತಕಗಳಿಗೆ ಸಮೀಕರಣ ತುಂಬುವ ಗುತ್ತಿಗೆ ನನ್ನದಾಯಿತು. ಸಂಭಾವನೆ, ಕ್ಯಾಂಟೀನಿನ ಒಂದು ಬೋಂಡ ಮತ್ತು ಎಲ್ಲರ ಎದುರು ಒಂದು ಹೊಗಳಿಕೆ. ಬೋಂಡ ಇಲ್ಲದಿದ್ದರೂ ನಡೆಯುತ್ತಿತ್ತು.

ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲೂ ತೊಡೆಯ ಮೇಲೆ ಯಾರದೋ ರೆಕಾರ್ಡು ಇಟ್ಟುಕೊಂಡು ಬರೆಯುತ್ತಿದ್ದೆ. ಒಮ್ಮೆ ತೆರಕಣಾಂಬಿ ದಾಟಿದ ಮೇಲೆ ಒಂದು ಹಳ್ಳ ಸಿಕ್ಕಿ ಬಸ್ಸು ಎಗರಿತು, ಅಲ್ಯೂಮಿನಿಯಮ್ಮಿಗೆ ಮೂರು ಪ್ಲಸ್ಸು ಇರಬೇಕಾದ ಕಡೆ ನಾಲ್ಕನೆಯದೂ ಬಿದ್ದುಹೋಯಿತು. ಪ್ರಪಂಚದಲ್ಲಿ ಎಲ್ಲಿಯೂ ಇಲ್ಲದ ಆ ಅಯಾನಿಗೆ ನಮ್ಮ ಸರ್ ಸೋಮವಾರ ಕೆಂಪು ಇಂಕಿನಲ್ಲಿ ರೈಟು ಹಾಕಿ, ಕೆಳಗೆ ಸಹಿಯನ್ನೂ ಮಾಡಿದರು. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಪಡುತ್ತಿದ್ದರು. ನಾನು ಮಾತ್ರ ಓದುವವರ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಗುರುತು ಹಾಕಿಕೊಂಡೆ.

ನನ್ನ ಪಾಂಡಿತ್ಯಕ್ಕೆ ಒಂದೇ ಒಂದು ಕಡೆ ಬೆಲೆ ಸಿಗಲಿಲ್ಲ. ಊರಿನಲ್ಲಿ ನಮ್ಮ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಹಂಡೆಯ ಒಳಗೆ ಬೆರಳು ದಪ್ಪ ಬಿಳಿ ಕರೆ ಕಟ್ಟಿರುತ್ತದೆ. ಒಂದು ಭಾನುವಾರ ಅಜ್ಜಿಯ ಎದುರು ಕೂತು, ಕಾಯಿಸಿದಾಗ ಕ್ಯಾಲ್ಸಿಯಂ ಹೇಗೆ ಕಾರ್ಬೊನೇಟ್ ಆಗಿ ಹಂಡೆಗೆ ಹಿಡಿಯುತ್ತದೆ ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಸಮೀಕರಣ ಬರೆದು ತೋರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

“ಬರ್ದ್ರೆ ಉದುರ್ಬುಡ್ತದಾ ಮಗ, ಇಲ್ಲಾ ಉಜ್ಬೇಕಾ?”

ಉಜ್ಜಬೇಕು ಎಂದೆ. ಹುಣಸೆಹಣ್ಣಿನ ಒಂದು ಉಂಡೆ ಕೈಗೆ ಬಂತು. ಹಂಡೆ ಉಜ್ಜಿ ಮುಗಿಸಿ ಗೋಡೆಯನ್ನೂ ಒರೆಸಬೇಕಾಯಿತು.

ಈಗ ನನ್ನ ಪದ್ಧತಿಯನ್ನು ಹೇಳಬೇಕು. ಲ್ಯಾಬಿನಲ್ಲಿ ಲವಣ ಪರೀಕ್ಷೆ ಅಂತ ಒಂದಿದೆ. ಹೆಸರಿಲ್ಲದ ಒಂದು ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ. ಗುರುತು ಸಿಗದ ಹೆಣದ ಪೋಸ್ಟ್‌ಮಾರ್ಟಂ ಮಾಡುವ ಹಾಗೆ ಅದನ್ನು ಕಾಯಿಸಿ, ಕರಗಿಸಿ, ಮೂಸಿ, ಒಳಗೆ ಯಾವ ಎರಡು ಅಯಾನುಗಳಿವೆ ಎಂದು ಹೇಳಬೇಕು. ಒಂದೊಂದು ಪರೀಕ್ಷೆ ಮಾಡು, ಕಂಡದ್ದನ್ನು ಬರೆ, ಕೊನೆಗೆ ಸಮೀಕರಣ ಬರೆ ಎಂಬುದು ನಿಯಮ. ನಾವು ಮಾಡುತ್ತಿದ್ದದ್ದು ತಿರುಗಾಮುರುಗಾ. ಮೊದಲು ಒಂದು ವಾಸನೆ ಹಿಡಿದು ಪುಡಿ ಯಾವುದೆಂದು ಊಹಿಸುವುದು, ತಕ್ಷಣ ಸಮೀಕರಣ ಬರೆಯುವುದು, ಅದಕ್ಕೆ ತಕ್ಕಂತೆ ಕಂಡದ್ದನ್ನು ತುಂಬುವುದು, ಸಮಯ ಉಳಿದರೆ ನೋಡುವುದು. ಸಮಯ ಉಳಿಯುತ್ತಿತ್ತು, ಅದನ್ನು ಕ್ಯಾಂಟೀನಿನಲ್ಲಿ ಕಳೆಯುತ್ತಿದ್ದೆವು.

ಹಾಗೆ ಮಾಡದೆ ಇದ್ದವನು ಒಬ್ಬನೇ, ನನ್ನ ಪಕ್ಕದ ನಂಬರಿನ ಮಾದೇವ. ಚಂದಕವಾಡಿಯವನು. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮತ್ತೆ ಹಿಡಿದು, ಒಂದು ಸಾಲು ಬರೆದು, ಮತ್ತೆ ನೋಡುವವನು. ನಾವು ಬೋಂಡ ತಿಂದು ಬಾಯಿ ಒರೆಸಿಕೊಂಡು ಬಂದರೂ ಅವನದು ಎರಡನೆಯ ಪರೀಕ್ಷೆ ಮುಗಿದಿರುತ್ತಿರಲಿಲ್ಲ. ನಾವು ಅವನನ್ನು ಗೋಳು ಹೊಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ. ಥಿಯರಿಯಲ್ಲಿ ಅವನು ಅಷ್ಟಕ್ಕಷ್ಟೆ. ಇಂಗ್ಲಿಷು ಅವನಿಗೂ ಅಡ್ಡ, ಬಾಣ ಹಿಡಿದು ದಾಟುವ ಉಪಾಯ ಅವನಿಗೆ ಹೊಳೆದಿರಲಿಲ್ಲ. ಅವನ ನಂಬಿಕೆಯೆಲ್ಲಾ ಪ್ರಾಕ್ಟಿಕಲ್ಲಿನ ಮೂವತ್ತು ಮಾರ್ಕಿನ ಮೇಲೆ. ಪಾಸಾದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅವರಪ್ಪ ಹೇಳಿಬಿಟ್ಟಿದ್ದರು. ಅದರಲ್ಲಿ ಅಂಥದ್ದೇನಿದೆಯೋ ಎಂದು ನಾನೊಮ್ಮೆ ಕೇಳಿದ್ದೆ. ಮುಖ ನೋಡದೆ, ಇರುವುದನ್ನು ಇದೆ ಎಂದೂ ಇಲ್ಲದ್ದನ್ನು ಇಲ್ಲ ಎಂದೂ ಬರೆಯುವ ಕೆಲಸ ಕಣ ಅದು ಎಂದಿದ್ದ. ನಾನು ನಕ್ಕಿದ್ದೆ. ಈಗ ಆ ನಗು ಎಲ್ಲಿಗೆ ಹೋಯಿತೋ ಹುಡುಕುತ್ತಿದ್ದೇನೆ.

ಪರೀಕ್ಷೆಯ ದಿನ ಬಂತು. ನಮ್ಮ ಬ್ಯಾಚಿನ ಏಳು ಜನಕ್ಕೆ ಒಂದೇ ಪುಡಿ. ಕಾಸ್ಟಿಕ್ ಸೋಡ ಹಾಕಿ ಕಾಯಿಸಿದ ತಕ್ಷಣ ಬಸ್‌ಸ್ಟ್ಯಾಂಡಿನ ಹಿಂಬದಿಯನ್ನು ನೆನಪಿಸುವ ವಾಸನೆ ಹೊಡೆಯಿತು. ಅಮೋನಿಯಂ ಇದೆ ಎಂದು ಮೂಗಿದ್ದ ಯಾರಾದರೂ ಹೇಳಬಹುದಿತ್ತು. ಆಸಿಡ್ ಹಾಕಿದರೆ ಕಣ್ಣಿಗೆ ಚುಚ್ಚುವ ಹೊಗೆ, ಅಂದರೆ ಕ್ಲೋರೈಡ್. ಕ್ಲೋರೈಡ್ ಎಂದು ಖಾತ್ರಿ ಮಾಡಿಕೊಳ್ಳಲು ಕಂದು ಬಾಟಲಿಯಲ್ಲಿರುವ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಡಬೇಕು, ಬಿಳಿ ಗಸಿ ಬರಬೇಕು. ಆ ಬಾಟಲಿ ನನ್ನ ಸರದಿಗೆ ಬರುವ ಮೊದಲೇ ನಾನು ಬರೆದು ಮುಗಿಸಿದ್ದೆ:

Ag⁺ + Cl⁻ → AgCl↓

ಬಾಣದ ಕೆಳಗೆ, ಬೆಳ್ಳಗಿನ, ಒಡೆದ ಹಾಲಿನಂಥ ಗಸಿ ಬಂತು ಎಂದು ಸೇರಿಸಿದೆ. ಅಷ್ಟಕ್ಕೇ ಕೈ ನಿಲ್ಲಲಿಲ್ಲ. ಗಸಿಗೆ ಅಮೋನಿಯ ಹಾಕಿದರೆ ಕರಗುತ್ತದೆ ಎಂದು ಪುಸ್ತಕದಲ್ಲಿದೆ. ಅದಕ್ಕೂ ಚೌಕದ ಬ್ರಾಕೆಟ್ಟುಗಳಿರುವ ಒಂದು ಉದ್ದನೆಯ ಸಮೀಕರಣ ಬಿಗಿದೆ. ಬರುವ ಮೊದಲೇ ಗಸಿಯನ್ನು ಕರಗಿಸಿಯೂ ಆಗಿತ್ತು.

ಆಮೇಲೆ ಬಾಟಲಿ ಬಂತು. ಶಾಸ್ತ್ರಕ್ಕೆ ಎರಡು ಹನಿ ಬಿಟ್ಟೆ. ಟ್ಯೂಬು ಕನ್ನಡಿಯ ಹಾಗೆ ತಿಳಿಯಾಗಿತ್ತು. ಐದು ಹನಿ ಬಿಟ್ಟೆ. ಕಿಟಕಿಯಾಚೆಯ ಬೇವಿನ ಮರ ಟ್ಯೂಬಿನೊಳಗೆ ತಲೆಕೆಳಗಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಟಲಿಯನ್ನು ಮಾದೇವನ ಕಡೆ ತಳ್ಳಿದೆ. ಅವನು ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದ. ಮತ್ತೆ ಹತ್ತು ಬಿಟ್ಟ. ಟ್ಯೂಬು ತೊಳೆದು ಮೊದಲಿನಿಂದ ಮಾಡಿದ. ಅವನ ಮೇಲ್ದುಟಿಯ ಮೇಲೆ ಬೆವರು ಹನಿಯುತ್ತಿತ್ತು.

“ನಿಂಗ್ ಬಂತೇನ್ಲಾ ನಂಜ?” ಎಂದು ತುಟಿ ಅಲ್ಲಾಡದ ಹಾಗೆ ಕೇಳಿದ.

ಇಲ್ಲವೆಂದು ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ಆದರೆ ಎರಡು ವರ್ಷ ಎಲ್ಲರಿಗೂ ಸಮೀಕರಣ ಹಂಚಿದ ಮಹಾನುಭಾವ ನಾನು; ಒಂದು ಟ್ಯೂಬು ನನ್ನ ಮಾತು ಕೇಳಲಿಲ್ಲ ಎಂದು ಹೇಗೆ ಹೇಳಲಿ?

“ಬಂತು ಕಣ. ಒಡ್ದ ಹಾಲಿದ್ದಂಗದೆ” ಎಂದೆ.

ಮಾದೇವ ತನ್ನ ಕೈಯನ್ನು ಒಂದು ಸಲ ನೋಡಿಕೊಂಡ. ಆಮೇಲೆ ಕಾಗದದ ಮೇಲೆ ಬರೆದ. ಹೊಗೆ ಬಂತು, ಸಿಲ್ವರ್ ನೈಟ್ರೇಟಿಗೆ ಗಸಿ ಬರಲಿಲ್ಲ, ಕ್ಲೋರೈಡ್ ಎಂದು ಖಾತ್ರಿಯಾಗಲಿಲ್ಲ. ಸಮೀಕರಣದ ಜಾಗವನ್ನು ಖಾಲಿ ಬಿಟ್ಟ.

ನನಗೆ ಆಗ ಒಂದು ಕೆಟ್ಟ ಕುತೂಹಲ ಹುಟ್ಟಿತು. ನಮ್ಮ ಲ್ಯಾಬಿನ ನಲ್ಲಿಯಲ್ಲಿ ಬರುವುದು ಸವಳು ನೀರು. ಅದರಲ್ಲಿ ಎಷ್ಟು ಉಪ್ಪಿದೆ ಎಂದರೆ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿದ್ದರೂ ನೀರು ಮಜ್ಜಿಗೆಯಾಗುತ್ತದೆ. ಮೊದಲ ವರ್ಷದಲ್ಲಿ ಸರ್ ತೋರಿಸಿದ್ದರು. ನಲ್ಲಿಯ ನೀರು ಹಿಡಿದು ಕಂದು ಬಾಟಲಿಯಿಂದ ಹನಿಸಿದೆ. ನೀರು ನೀರಾಗಿಯೇ ಇತ್ತು. ಬಾಟಲಿಯೊಳಗೆ ಸಿಲ್ವರೂ ಇರಲಿಲ್ಲ, ನೈಟ್ರೇಟೂ ಇರಲಿಲ್ಲ. ಬರೀ ನೀರು. ನಮ್ಮ ಏಳು ಜನರಲ್ಲಿ ಅಂದು ಸತ್ಯ ಬರೆದಿದ್ದವನು ಒಬ್ಬನೇ, ಅದು ಗೊತ್ತಿದ್ದವನೂ ಒಬ್ಬನೇ, ಆ ಇಬ್ಬರೂ ಬೇರೆ ಬೇರೆ.

ಬೇರೆ ಊರಿನಿಂದ ಪರೀಕ್ಷೆ ನಡೆಸಲು ಬಂದಿದ್ದ ಮೇಡಂ ಸಾಲಾಗಿ ಬಂದರು. ಅವರು ಟ್ಯೂಬು ನೋಡಲಿಲ್ಲ, ಕಾಗದ ನೋಡಿದರು. ನನ್ನದನ್ನು ಎರಡು ಸಲ ನೋಡಿ, ಬ್ರಾಕೆಟ್ಟುಗಳ ಹತ್ತಿರ ಬೆರಳಿಟ್ಟು ಮೆಚ್ಚಿದರು. ಮಾದೇವನದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಹೊಗೆ ಬಂದ ಮೇಲೆ ಗಸಿ ಬರಲೇಬೇಕು, ನೀನು ಸರಿಯಾಗಿ ಮಾಡಿಲ್ಲ, ಪಕ್ಕದವನಿಗೆ ಎಷ್ಟು ಚೆನ್ನಾಗಿ ಬಂದಿದೆ ನೋಡು ಎಂದರು. ಅವನು ನನ್ನ ಟ್ಯೂಬಿನ ಕಡೆ ನೋಡಿದ. ಅದನ್ನು ಆಗಲೇ ತೊಳೆದು ಬೋರಲು ಹಾಕಿದ್ದೆ. ಬಾಯಿ ತೆರೆಯುವುದಕ್ಕೆ ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ನಾನು ಪೆನ್ನಿನ ಕ್ಯಾಪು ಹುಡುಕುತ್ತಿದ್ದೆ. ಕ್ಯಾಪು ಪೆನ್ನಿನ ಹಿಂದೆಯೇ ಇತ್ತು.

ಎಲ್ಲರೂ ಹೋದ ಮೇಲೆ ಲ್ಯಾಬಿನ ಅಟೆಂಡರ್ ಸಿದ್ದರಾಜಣ್ಣನ ಹತ್ತಿರ ಮೆಲ್ಲಗೆ ವಿಷಯ ತೆಗೆದೆ. ಆತ ಅಡಗಿಸಲೂ ಇಲ್ಲ. ಸಿಲ್ವರ್ ನೈಟ್ರೇಟ್ ದೀಪಾವಳಿಗೆ ಮುಂಚೆಯೇ ಮುಗಿದಿತ್ತಂತೆ. ಬೇಕು ಎಂದು ಬರೆದು ಕಳಿಸಿದ್ದು ಎಲ್ಲೋ ಮೇಜಿನ ಮೇಲೆ ಮಲಗಿತ್ತಂತೆ. ಹೊರಗಿನವರ ಎದುರು ಖಾಲಿ ಬಾಟಲಿ ಇದ್ದರೆ ಕಾಲೇಜಿನ ಮರ್ಯಾದೆ ಹೋಗುತ್ತದೆ ಎಂದು ತಾನೇ ಶುದ್ಧ ನೀರು ತುಂಬಿಟ್ಟನಂತೆ. ಯಾರಾದರೂ ಕೇಳಿದರೆ ಒಪ್ಪಿಕೊಂಡುಬಿಡುವುದು ಎಂದು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದನಂತೆ.

“ಕೊನೀಗೆ ನಾನೇ ಎದ್ರುಬುಟ್ಟೆ ಕಣಪ್ಪ. ಆರ್ ಜನ ಬಂತು ಅಂತ ಬರ್ದವ್ರೆ. ಯಾರೋ ಬಾಟ್ಲಿ ಬದ್ಲಾಯ್ಸವ್ರೆ ಅಂದ್ಕಂಡು ಮೂಸ್ ನೋಡ್ದೆ.”

ಇದನ್ನು ಗೆಳೆಯರಿಗೆ ಹೇಳಿ ನಗಿಸಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡೆ. ಆದರೆ ಹೇಳಲು ಹೋದಾಗಲೆಲ್ಲ ಕತೆಯ ನಡುವೆ ಮಾದೇವ ತನ್ನ ಕೈ ನೋಡಿಕೊಳ್ಳುವ ಜಾಗ ಬರುತ್ತಿತ್ತು. ಅಲ್ಲಿಗೆ ನಿಲ್ಲಿಸುತ್ತಿದ್ದೆ. ಸಿದ್ದರಾಜಣ್ಣನ ಕೆಲಸಕ್ಕೆ ಕುತ್ತು ಬರಬಾರದು, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಿದ್ದರಾಜಣ್ಣನ ಹಿಂದೆ ನನ್ನ ಮೂವತ್ತು ಮಾರ್ಕು ಅಡಗಿ ಕೂತಿರುವುದು ಕಾಣುತ್ತಿತ್ತು. ತೆಳ್ಳಗಿನ ಮನುಷ್ಯ ಆತ, ಪೂರ್ತಿ ಮರೆಯಾಗುತ್ತಿರಲಿಲ್ಲ.

ಫಲಿತಾಂಶ ಬಂತು. ನನಗೆ ಪ್ರಾಕ್ಟಿಕಲ್ಲಿನಲ್ಲಿ ಮೂವತ್ತಕ್ಕೆ ಮೂವತ್ತು. ಮಾದೇವ ಕೆಮಿಸ್ಟ್ರಿಯಲ್ಲಿ ನಾಲ್ಕು ಮಾರ್ಕಿಗೆ ಫೇಲಾಗಿದ್ದ. ಎರಡನೆಯ ಪರೀಕ್ಷೆ ಇದ್ದೇ ಇದೆ, ಫಾರಂ ತುಂಬು ಎಂದು ಹೇಳಲು ಫೋನು ಮಾಡಿದೆ. ತುಂಬುವುದಿಲ್ಲ ಎಂದ. ಅಪ್ಪನೂ ಸಾಕು ಬಿಡು ಅಂದಿದ್ದಾರೆ ಎಂದ. ಕಾರಣ ಕೇಳಿದೆ.

“ನನ್ ಕೈ ಸರಿಗಿಲ್ಲ ಕಣ್ಲಾ. ಅದೇ ಬಾಟ್ಲಿ, ಅದೇ ಪುಡಿ. ನಿಂಗ್ ಬಂತು, ನಂಗ್ ಬರ್ನಿಲ್ಲ. ನಾಳೀಕ್ ಯಾರ್ದೋ ರಕ್ತ ನನ್ ಕೈಗ್ ಕೊಟ್ರೆ ಅವ್ರ್ ಗತಿ ಏನು?”

ಫಾರಂ ತುಂಬಲು ಮಾರನೆಯ ದಿನವೇ ಕೊನೆ. ಅಂದು ಮಧ್ಯಾಹ್ನವೇ ಚಂದಕವಾಡಿ ಬಸ್ಸು ಹತ್ತಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿ ಮೂರು ಥರ ಸಿದ್ಧಮಾಡಿಕೊಂಡಿದ್ದೆ. ಮೂರರಲ್ಲೂ ನಾನು ಸ್ವಲ್ಪ ಒಳ್ಳೆಯವನಾಗಿಯೇ ಕಾಣುತ್ತಿದ್ದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಸಂಜೆಯ ಹಾಲಿನ ಹೊತ್ತು, ಅಪ್ಪ ಮಗ ಇಬ್ಬರೂ ಊರಿನ ಡೈರಿಯಲ್ಲಿದ್ದಾರೆ ಎಂದರು ಪಕ್ಕದ ಮನೆಯವರು. ಅಲ್ಲಿಗೆ ಹೋದೆ. ಕ್ಯಾನು ಹಿಡಿದ ಇಪ್ಪತ್ತು ಜನರ ಸಾಲು. ಮಾದೇವನ ಅಪ್ಪ ಅಲ್ಲಿ ಹಾಲು ಪರೀಕ್ಷೆ ಮಾಡುವವರು ಎಂಬುದು ನನಗೆ ಅಂದೇ ಗೊತ್ತಾದದ್ದು. ಒಬ್ಬೊಬ್ಬರ ಹಾಲಿಗೂ ಒಂದು ಗಾಜಿನ ಕಡ್ಡಿ ಇಳಿಬಿಡುತ್ತಿದ್ದರು. ಹಾಲು ಗಟ್ಟಿಯಿದ್ದರೆ ಕಡ್ಡಿ ಮೇಲೆ ತೇಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ಕಡ್ಡಿಯ ಮೇಲಿನ ಅಂಕೆ ನೋಡಿ ಕೂಗುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಕೂತು ಮಾದೇವ ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದ.

ಏನು ಬಂದೆ ಕೂಸು ಎಂದು ಕೇಳಿದರು, ಕಡ್ಡಿಯಿಂದ ಕಣ್ಣು ತೆಗೆಯದೆ. ಪಕ್ಕಕ್ಕೆ ಕರೆದು ಹೇಳಬೇಕೆಂದಿದ್ದೆ. ಸಾಲು ಬಿಟ್ಟು ಬರುವ ಹಾಗಿರಲಿಲ್ಲ ಅವರು. ಹಾಗಾಗಿ ಇಪ್ಪತ್ತು ಕ್ಯಾನುಗಳ ಎದುರೇ ಹೇಳಿದೆ. ಸಿದ್ಧ ಮಾಡಿಕೊಂಡಿದ್ದ ಮೂರೂ ಮರೆತುಹೋಯಿತು. ಬಾಟಲಿಯಲ್ಲಿ ನೀರಿತ್ತು ಮಾವ, ಯಾರಿಗೂ ಗಸಿ ಬರಲಿಲ್ಲ, ನನಗೂ ಬರಲಿಲ್ಲ, ಬಂತು ಎಂದು ಸುಳ್ಳು ಬರೆದೆ, ಇವನು ಕೇಳಿದಾಗ ಇವನಿಗೂ ಸುಳ್ಳು ಹೇಳಿದೆ ಎಂದೆ. ಅಯಾನು, ಸಮೀಕರಣ ಯಾವುದೂ ಬಾಯಿಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವರು ಮುಂದಿನ ಕ್ಯಾನಿಗೆ ಕಡ್ಡಿ ಬಿಟ್ಟರು. ಅಂಕೆ ಕೂಗಿದರು. ಮಾದೇವ ಬರೆಯಲಿಲ್ಲ. ಅವನ ಪೆನ್ನು ಸಾಲಿನ ನಡುವೆ ನಿಂತಿತ್ತು. ಅವರು ಎರಡನೆಯ ಸಲ ಕೂಗಿದ ಮೇಲೆ ಬರೆದ. ನನ್ನ ಕಡೆ ನೋಡಲಿಲ್ಲ. ಆದರೆ ಎಡಗೈಯನ್ನು ಮಡಿಲಿನಿಂದ ತೆಗೆದು ಪುಸ್ತಕದ ಮೇಲೆ ಬಿಡಿಸಿಟ್ಟ.

“ನೀರ್ಗೆ ನೀರ್ ಉಯ್ದ್ರೆ ಇನ್ನೇನ್ಲಾ ಬಂದದು” ಎಂದರು ಅವರಪ್ಪ. ಎರಡು ವರ್ಷದಲ್ಲಿ ನಾನು ಕೇಳಿದ ಅತಿ ಚಿಕ್ಕ ಕೆಮಿಸ್ಟ್ರಿ ಪಾಠ. ಆಮೇಲೆ ಕೇಳಿದರು, “ಅಂಗಾರೆ ಇವ್ನ್ ಬರ್ದದ್ದು?”

“ಸರಿ ಮಾವ.”

“ಮಾರ್ಕು?”

ಅದು ಇನ್ನು ಬದಲಾಗುವುದಿಲ್ಲ ಎಂದೆ. ನಿನಗೆಷ್ಟು ಕೊಟ್ಟರು ಎಂದು ಕೇಳಿದರು. ಪೂರ್ತಿ ಎಂದೆ. ಸಾಲಿನಲ್ಲಿ ಯಾರೋ ಕ್ಯಾನಿನ ಮುಚ್ಚಳ ಸರಿಮಾಡಿದ ಸದ್ದು ಕೇಳಿಸಿತು. ಮಾದೇವನ ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನು ಅದನ್ನು ಹಿಗ್ಗಿಸಿ ಹಿಗ್ಗಿಸಿ ಒಂದು ತಿಂಗಳು ಹೇಳಿಕೊಂಡು ತಿರುಗಬಹುದಿತ್ತು. ಉಳಿದ ಕ್ಯಾನುಗಳೆಲ್ಲ ಮುಗಿಯುವ ತನಕ ಅಲ್ಲೇ ನಿಂತಿದ್ದೆ. ಕೊನೆಗೆ ಕಡ್ಡಿ ತೊಳೆದು, ಒರೆಸಿ, ಡಬ್ಬಿಗಿಟ್ಟು, ನಾಳೆ ಬೆಳಿಗ್ಗೆಯೇ ಹೋಗಿ ಫಾರಂ ತುಂಬು ಎಂದು ಮಗನಿಗೆ ಹೇಳಿದರು. ಹೂಂ ಎಂದ ಮಾದೇವ. ಪರೀಕ್ಷೆಯಲ್ಲಿ ಆ ಸಮೀಕರಣಗಳೇ ತನಗೆ ಹತ್ತುವುದಿಲ್ಲ ಎಂದು, ನನಗಲ್ಲ, ಅಪ್ಪನಿಗೆ ಹೇಳಿದ. ಅವರು ನನ್ನ ಕಡೆ ತಿರುಗಿದರು.

“ವಾರದಲ್ ಎಲ್ಡ್ ದಿವ್ಸ ಬಂದು ನೀನೇ ಏಳ್ಕೊಡು. ನೋಡ್ದೆ ಬರ್ಯದ್ ಒಂದ್ ಬುಟ್ಟು, ಮಿಕ್ಕಿದ್ ಏನ್ ಗೊತ್ತೋ ಅದ್ನೆಲ್ಲಾ ಏಳ್ಕೊಡು.”

ಅದನ್ನು ಬಿಟ್ಟು ಮಿಕ್ಕಿದ್ದು ನನಗೆ ಏನೇನು ಗೊತ್ತು ಎಂದು ವಾಪಸು ಬರುವ ಬಸ್ಸಿನಲ್ಲಿ ಒಂದೊಂದಾಗಿ ಎಣಿಸಿದೆ. ಚಾಮರಾಜನಗರ ಬರುವುದರೊಳಗೆ ಎಣಿಕೆ ಮುಗಿದಿತ್ತು. ಚಂದಕವಾಡಿಯಿಂದ ಚಾಮರಾಜನಗರಕ್ಕೆ ದೂರವೇನಿಲ್ಲ.